ಲ್ಯಾಪ್‌ಟಾಪಿನ ಅಂತರಜಾಲವನ್ನು ಶಾಲೆಯ ಹಳೆಯ ಗಣಕಕ್ಕೆ ಹಂಚುವ ಬಗೆ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಕಲಿಸುವ ಶಿಕ್ಷಕರಿಗೆ ಒಂದು ತೊಡಕು ಚೆನ್ನಾಗಿ ಪರಿಚಿತ. ಅಂತರಜಾಲವಿರುವುದು ಒಂದು ಯಂತ್ರದಲ್ಲಿ. ಕೆಲಸ ನಡೆಯಬೇಕಾದದ್ದು ಇನ್ನೊಂದು ಯಂತ್ರದಲ್ಲಿ. ಶಿಕ್ಷಕರ ಸ್ವಂತ ಲ್ಯಾಪ್‌ಟಾಪು ಮೊಬೈಲ್ ಫೋನಿನ ಹಾಟ್‌ಸ್ಪಾಟಿನಿಂದಲೋ ನೆರೆಯ ವೈ-ಫೈ ಪೆಟ್ಟಿಗೆಯಿಂದಲೋ ಅಂತರಜಾಲವನ್ನು ಪಡೆಯುತ್ತದೆ. ಕಚೇರಿಯ ಮೂಲೆಯಲ್ಲಿರುವ ಡೆಸ್ಕ್‌ಟಾಪ್ ಗಣಕಕ್ಕೆ ಮುದ್ರಣಯಂತ್ರ ಜೋಡಣೆಯಾಗಿದೆ, ಅದರಲ್ಲಿ ನುಡಿ ತಂತ್ರಾಂಶವಿದೆ, ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳಿವೆ. ಆದರೆ ವೈ-ಫೈ ಗ್ರಹಿಸುವ ಸಾಧನ ಅದಕ್ಕಿಲ್ಲ. ಎರಡರ ನಡುವೆ ಓಡಾಡುವುದು ಒಂದು ಪೆನ್‌ಡ್ರೈವ್. ಅದು ಪಾಠದೊಂದಿಗೆ ವೈರಸ್ಸನ್ನೂ ಹೊತ್ತು ತರುತ್ತದೆ ಎಂಬುದು ಬಳಸಿದವರಿಗೆಲ್ಲ ತಿಳಿದ ಸಂಗತಿ.

ಒಂದು ಕೇಬಲ್ ಮತ್ತು ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಅಡಗಿರುವ ಒಂದು ಸೌಲಭ್ಯ ಈ ತೊಡಕನ್ನು ನಿವಾರಿಸಬಲ್ಲವು. ಲ್ಯಾಪ್‌ಟಾಪು ಗಾಳಿಯ ಮೂಲಕ ಪಡೆದ ಸಂಪರ್ಕವನ್ನು ತಂತಿಯ ಮೂಲಕ ಡೆಸ್ಕ್‌ಟಾಪಿಗೆ ದಾಟಿಸುತ್ತದೆ. ಇದನ್ನು ಮಾಡಲು ತಂತ್ರಜ್ಞರು ಬೇಕಾಗಿಲ್ಲ. ಲ್ಯಾಪ್‌ಟಾಪು ಇಲ್ಲಿ ನಿರ್ವಹಿಸುವ ಪಾತ್ರವೇನೆಂಬುದು ಮನದಟ್ಟಾದರೆ ಸಾಕು. ಕೆಟ್ಟಾಗ ಸರಿಪಡಿಸುವ ದಾರಿಯೂ ಆ ತಿಳಿವಳಿಕೆಯಿಂದಲೇ ದೊರೆಯುತ್ತದೆ.

ಇಷ್ಟು ಶ್ರಮ ಏಕೆ ಎಂಬ ಪ್ರಶ್ನೆಗೆ ಉತ್ತರ ಈ ಪ್ರದೇಶದ ಚರಿತ್ರೆಯಲ್ಲಿದೆ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಗಡಿಗೆರೆಗಳು ಹೀಗೆ ಬದಲಾಗುತ್ತ ಬಂದರೂ ದೇವಾಂಗ ನೇಕಾರರ ಮತ್ತು ಒಕ್ಕಲಿಗರ ಅನೇಕ ಮನೆಗಳಲ್ಲಿ ಕನ್ನಡವು ಮಾತಾಗಿ ಉಳಿದಿದೆ. ಅದು ತಮಿಳಿನೊಂದಿಗೆ ಬೆರೆತು ಬೆಳೆದ, ತನ್ನದೇ ಸೊಗಸುಳ್ಳ ಕನ್ನಡ. ಆದರೆ ಬರೆವಣಿಗೆಯ ಕನ್ನಡ ಮಗುವಿನ ಕಣ್ಣಿಗೆ ಬೀಳುವ ಸಂದರ್ಭಗಳು ಇಲ್ಲಿ ತೀರ ಕಡಿಮೆ. ಚಾಮರಾಜನಗರದ ಮಗು ಬಸ್ಸಿನ ಫಲಕದಲ್ಲಿ, ಅಂಗಡಿಯ ಹೆಸರಿನಲ್ಲಿ, ಗೋಡೆಯ ಜಾಹೀರಾತಿನಲ್ಲಿ ದಿನವೂ ಕನ್ನಡ ಓದುತ್ತದೆ. ಇಲ್ಲಿನ ಮಗು ಅವೆಲ್ಲವನ್ನೂ ತಮಿಳಿನಲ್ಲಿ ಓದುತ್ತದೆ. ಅದು ಸಹಜವೂ ಅಗತ್ಯವೂ ಹೌದು. ಕನ್ನಡದ ಮುದ್ರಿತ ಪುಟ ಮಾತ್ರ ಪಠ್ಯಪುಸ್ತಕದಿಂದ ಬರಬೇಕು, ಇಲ್ಲವೇ ಶಿಕ್ಷಕರೇ ಸಿದ್ಧಪಡಿಸಿ ಕೊಡಬೇಕು. ಅಂತರಜಾಲದಲ್ಲಿ ದೊರೆತ ಒಂದು ಕಥೆ, ಒಂದು ಭೂಪಟ, ಒಂದು ಅಭ್ಯಾಸಹಾಳೆ ಮುದ್ರಣಯಂತ್ರದವರೆಗೆ ತಲುಪದಿದ್ದರೆ ಅದು ಶಿಕ್ಷಕರ ಪರದೆಯಲ್ಲೇ ಉಳಿಯುತ್ತದೆ.

ಡೆಸ್ಕ್‌ಟಾಪನ್ನು ಬದಿಗಿಟ್ಟು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಮಾಡಬಾರದೇಕೆ ಎಂದು ಕೇಳಬಹುದು. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳು ಯುನಿಕೋಡ್ ಸಂಕೇತಗಳಲ್ಲಿ ಇರುವುದಿಲ್ಲ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತವೆ. ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯ ಕೆಲಸ, ಮಾಡಬೇಕಾದ ಕೆಲಸ. ಆದರೆ ಅದು ಒಂದು ಸಂಜೆಯಲ್ಲಿ ಮುಗಿಯುವಂಥದ್ದಲ್ಲ. ಅಲ್ಲಿಯವರೆಗೆ ಹಳೆಯ ಗಣಕ ಬೇಕು.

ಲ್ಯಾಪ್‌ಟಾಪು ಮಾಡುವ ಕೆಲಸ

ಹಂಚಿಕೆ ಎಂದೊಡನೆ ನೀರಿನ ಕೊಳವೆಯನ್ನು ಎರಡಾಗಿ ಕವಲೊಡೆಸಿದ ಚಿತ್ರ ಮನಸ್ಸಿಗೆ ಬರುತ್ತದೆ. ಈ ಚಿತ್ರ ದಾರಿ ತಪ್ಪಿಸುತ್ತದೆ. ಶಾಲಾ ಕಚೇರಿಯ ಟಪಾಲು ವ್ಯವಸ್ಥೆ ಇದಕ್ಕಿಂತ ಹತ್ತಿರದ ಹೋಲಿಕೆ. ಯಾವ ತರಗತಿಯ ಶಿಕ್ಷಕರು ಬರೆದ ಪತ್ರವಾದರೂ ಹೊರಹೋಗುವುದು ಶಾಲೆಯ ಒಂದೇ ವಿಳಾಸದಿಂದ. ಗುಮಾಸ್ತರು ಜಾವಕ ವಹಿಯಲ್ಲಿ ಪತ್ರ ಯಾರದೆಂದು ದಾಖಲಿಸುತ್ತಾರೆ. ಉತ್ತರ ಬಂದಾಗ ವಹಿ ನೋಡಿ ಸಂಬಂಧಪಟ್ಟವರಿಗೆ ತಲುಪಿಸುತ್ತಾರೆ. ಹೊರಗಿನ ಇಲಾಖೆಗೆ ತಿಳಿದಿರುವುದು ಶಾಲೆಯ ವಿಳಾಸ ಮಾತ್ರ. ಒಳಗೆ ಎಷ್ಟು ಜನರಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಲ್ಯಾಪ್‌ಟಾಪು ಇಲ್ಲಿ ಆ ಗುಮಾಸ್ತರ ಸ್ಥಾನದಲ್ಲಿದೆ. ಡೆಸ್ಕ್‌ಟಾಪಿನಿಂದ ಬಂದ ಕೋರಿಕೆಯನ್ನು ತನ್ನ ವಿಳಾಸದಲ್ಲಿ ಹೊರಗೆ ಕಳುಹಿಸಿ, ಬಂದ ಉತ್ತರವನ್ನು ತಂತಿಯ ಮೂಲಕ ಒಳಗೆ ತಲುಪಿಸುತ್ತದೆ. ಇದರ ಜೊತೆಗೆ ಇನ್ನೆರಡು ಹೊಣೆಗಳನ್ನೂ ಅದು ಹೊರುತ್ತದೆ. ತಂತಿಯ ತುದಿಯಲ್ಲಿರುವ ಗಣಕಕ್ಕೆ ಒಂದು ಅಂಕಿ-ವಿಳಾಸವನ್ನು ಕೊಡುವುದು ಒಂದು. ಜಾಲತಾಣದ ಹೆಸರನ್ನು ಅದರ ಅಂಕಿ-ವಿಳಾಸಕ್ಕೆ ತಿರುಗಿಸಿ ಹೇಳುವುದು ಇನ್ನೊಂದು. ವಿಂಡೋಸ್‌ನಲ್ಲಿ ಈ ಸೌಲಭ್ಯದ ಹೆಸರು ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್. ಅದು ಚಾಲೂ ಆದೊಡನೆ ಲ್ಯಾಪ್‌ಟಾಪಿನ ತಂತಿ ಬದಿಯ ವಿಳಾಸ 192.168.137.1 ಎಂದಾಗುತ್ತದೆ; ಡೆಸ್ಕ್‌ಟಾಪಿಗೆ 192.168.137 ಎಂದು ಆರಂಭವಾಗುವ ಇನ್ನೊಂದು ವಿಳಾಸ ದೊರೆಯುತ್ತದೆ. ಈ ಅಂಕಿಗಳನ್ನು ಶಿಕ್ಷಕರು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಮುಂದೆ ದೋಷ ಹುಡುಕುವಾಗ ಇವೇ ಕೈಹಿಡಿಯುತ್ತವೆ.

ಗುಮಾಸ್ತರು ರಜೆಯಲ್ಲಿದ್ದರೆ ಟಪಾಲು ನಿಲ್ಲುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ನಿದ್ರಾಸ್ಥಿತಿಗೆ ಹೋಗುತ್ತದೆ, ಡೆಸ್ಕ್‌ಟಾಪಿನ ಅಂತರಜಾಲವೂ ಆ ಕ್ಷಣದಲ್ಲೇ ನಿಲ್ಲುತ್ತದೆ. ಹಂಚಿಕೆ ಕೆಟ್ಟಿತೆಂಬ ದೂರುಗಳಲ್ಲಿ ಹಲವಕ್ಕೆ ಕಾರಣ ಇಷ್ಟೇ. ವಿದ್ಯುತ್ ನಿಯಂತ್ರಣದ ಆಯ್ಕೆಗಳಲ್ಲಿ, ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂಬುದನ್ನು ಆರಿಸಿಕೊಳ್ಳುವುದರಿಂದ ಇದು ತಪ್ಪುತ್ತದೆ.

ಜೋಡಣೆಯ ಕ್ರಮ

ಬೇಕಾದ ವಸ್ತು ಒಂದು ಲ್ಯಾನ್ ಕೇಬಲ್. ಕೊಯಮತ್ತೂರಿನಲ್ಲಾಗಲಿ ತಿರುಪ್ಪೂರಿನಲ್ಲಾಗಲಿ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಈ ಹೆಸರಿನಿಂದಲೇ ಕೇಳಬಹುದು. ಎರಡು ಗಣಕಗಳನ್ನು ನೇರವಾಗಿ ಜೋಡಿಸಲು ತಂತಿಗಳನ್ನು ಅಡ್ಡ ಬದಲಿಸಿದ ವಿಶೇಷ ಕೇಬಲ್ ಬೇಕೆಂಬ ಮಾತು ಹಳೆಯ ಯಂತ್ರಗಳ ಕಾಲದ್ದು. ಎರಡರಲ್ಲಿ ಒಂದು ಯಂತ್ರವಾದರೂ ಗಿಗಾಬಿಟ್ ವೇಗದ್ದಾಗಿದ್ದರೆ ಸಾಮಾನ್ಯ ಕೇಬಲ್ಲೇ ಸಾಕಾಗುತ್ತದೆ. ತೆಳುವಾದ ಹೊಸ ಲ್ಯಾಪ್‌ಟಾಪುಗಳಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯೇ ಇರದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಕೊಳ್ಳಬೇಕಾಗುತ್ತದೆ.

ಮೊದಲು ಲ್ಯಾಪ್‌ಟಾಪಿನಲ್ಲಿ ವೈ-ಫೈ ಮೂಲಕ ಒಂದು ಜಾಲತಾಣ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದ್ದನ್ನು ಹಂಚಲು ಬರುವುದಿಲ್ಲ. ಅನಂತರ ಕೇಬಲಿನ ಒಂದು ತುದಿಯನ್ನು ಲ್ಯಾಪ್‌ಟಾಪಿಗೂ ಇನ್ನೊಂದನ್ನು ಡೆಸ್ಕ್‌ಟಾಪಿಗೂ ಸಿಕ್ಕಿಸಿ, ಎರಡನ್ನೂ ಚಾಲೂ ಇಡಬೇಕು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಆರ್ ಅಕ್ಷರವನ್ನು ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಎನ್, ಸಿ, ಪಿ, ಎ, ಚುಕ್ಕಿ, ಸಿ, ಪಿ, ಎಲ್ ಎಂಬ ಆಂಗ್ಲ ಅಕ್ಷರಗಳನ್ನು ಬಿಡುವಿಲ್ಲದೆ ಬರೆದು ಎಂಟರ್ ಒತ್ತಬೇಕು. ನೆಟ್‌ವರ್ಕ್ ಕನೆಕ್ಷನ್ಸ್ ಎಂಬ ಕಿಟಕಿಯಲ್ಲಿ ವೈ-ಫೈ ಮತ್ತು ಈಥರ್‌ನೆಟ್ ಎಂಬ ಎರಡು ಚಿಹ್ನೆಗಳಾದರೂ ಕಾಣಿಸುತ್ತವೆ. ವೈ-ಫೈ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು, ಶೇರಿಂಗ್ ಎಂಬ ಪುಟಕ್ಕೆ ಹೋಗಬೇಕು. ಇತರ ಬಳಕೆದಾರರು ಈ ಗಣಕದ ಮೂಲಕ ಅಂತರಜಾಲ ಪಡೆಯಬಹುದು ಎಂಬರ್ಥದ ಮೊದಲ ಚೌಕಕ್ಕೆ ಗುರುತು ಹಾಕಿ, ಕೆಳಗೆ ಪಟ್ಟಿ ಕಾಣಿಸಿದರೆ ಈಥರ್‌ನೆಟ್ಟನ್ನು ಆರಿಸಿ, ಓಕೆ ಒತ್ತಬೇಕು. ಇತರರು ಈ ಸಂಪರ್ಕವನ್ನು ನಿಯಂತ್ರಿಸಬಹುದು ಎನ್ನುವ ಎರಡನೆಯ ಚೌಕ ಖಾಲಿ ಇರಲಿ. ಮಕ್ಕಳು ಬಳಸುವ ಯಂತ್ರಕ್ಕೆ ಆ ಅಧಿಕಾರ ಬೇಡ. ಇದನ್ನೆಲ್ಲ ಮಾಡಲು ಲ್ಯಾಪ್‌ಟಾಪಿನಲ್ಲಿ ಆಡಳಿತಾಧಿಕಾರವುಳ್ಳ ಖಾತೆ ಇರಬೇಕು.

ಮೊದಲ ಸಲ ಮಾಡುವವರು ಈ ಹಂತದಲ್ಲಿ ಎಡವುವುದುಂಟು. ತಂತಿಗೆ ಅಂತರಜಾಲ ಬೇಕಾದ್ದರಿಂದ ಈಥರ್‌ನೆಟ್ಟಿನ ಶೇರಿಂಗ್ ಪುಟದಲ್ಲಿ ಗುರುತು ಹಾಕಬೇಕೆಂದು ತೋರುತ್ತದೆ. ಅದು ತಪ್ಪು. ಕೊಡುವವರ ಬಳಿ ಗುರುತು, ಪಡೆಯುವವರ ಬಳಿ ಅಲ್ಲ. ಅಂತರಜಾಲ ಯಾವುದರಿಂದ ಬರುತ್ತಿದೆಯೋ ಅದರಲ್ಲೇ ಗುರುತು ಬೀಳಬೇಕು.

ಅದೇ ಕಿಟಕಿಯಲ್ಲಿ ಎರಡು ಚಿಹ್ನೆಗಳನ್ನೂ ಆರಿಸಿ ಸೇತುವೆ ಕಟ್ಟುವ ಇನ್ನೊಂದು ಆಯ್ಕೆಯೂ ಇದೆ. ನೋಡಲು ಅದೇ ಸುಲಭವೆನಿಸುತ್ತದೆ. ಆದರೆ ವೈ-ಫೈ ಪೆಟ್ಟಿಗೆಯು ತನ್ನಲ್ಲಿ ಹೆಸರು ನೋಂದಾಯಿಸಿದ ಸಾಧನದಿಂದ ಬಂದದ್ದನ್ನು ಮಾತ್ರ ಸ್ವೀಕರಿಸುತ್ತದೆ. ಸೇತುವೆಯ ಆಚೆಗಿನ ಅಪರಿಚಿತ ಗಣಕದ ವಿಳಾಸ ಹೊತ್ತು ಬಂದದ್ದನ್ನು ಸಾಮಾನ್ಯವಾಗಿ ಕೈಬಿಡುತ್ತದೆ. ಗುಮಾಸ್ತರ ಮೂಲಕ ಹೋಗದ ಪತ್ರಕ್ಕೆ ಶಾಲೆಯ ಮೊಹರಿಲ್ಲದಂತಾಗುತ್ತದೆ. ಆದ್ದರಿಂದ ಸೇತುವೆಯ ಗೊಡವೆ ಬೇಡ.

ಡೆಸ್ಕ್‌ಟಾಪಿನಲ್ಲಿ ಮಾಡಬೇಕಾದ್ದು ಅಲ್ಪ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಯಂತ್ರವನ್ನು ಹಿಂದೆಂದೋ ಅಳವಡಿಸಿದವರು ಅದಕ್ಕೊಂದು ಸ್ಥಿರ ವಿಳಾಸವನ್ನು ಬರೆದಿಟ್ಟಿರಬಹುದು. ಆಗ ಅದು ಲ್ಯಾಪ್‌ಟಾಪು ಕೊಡುವ ವಿಳಾಸವನ್ನು ಕೇಳುವುದೇ ಇಲ್ಲ. ಅಲ್ಲಿಯೂ ಮೇಲಿನ ಕಿಟಕಿಯನ್ನೇ ತೆರೆದು, ಈಥರ್‌ನೆಟ್ಟಿನ ಪ್ರಾಪರ್ಟೀಸ್‌ನಲ್ಲಿ ಇಂಟರ್‌ನೆಟ್ ಪ್ರೋಟೋಕಾಲ್ ವರ್ಷನ್ 4 ಎಂಬುದನ್ನು ಆರಿಸಿ, ಐಪಿ ವಿಳಾಸವನ್ನೂ ಡಿಎನ್‌ಎಸ್ ವಿಳಾಸವನ್ನೂ ತಾನಾಗಿಯೇ ಪಡೆಯುವಂತೆ ಗುರುತು ಮಾಡಬೇಕು. ಹಳೆಯ ಅಂಕಿಗಳನ್ನು ಅಳಿಸುವ ಮುನ್ನ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ವಿವೇಕ.

ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ವಿತರಿಸಿದ ಲ್ಯಾಪ್‌ಟಾಪುಗಳಲ್ಲಿ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕೂಡ ಇದ್ದದ್ದನ್ನು ಕೆಲವರು ಕಂಡಿರಬಹುದು. ಲಿನಕ್ಸ್ ಬಳಸುವವರಿಗೆ ದಾರಿ ಇನ್ನೂ ಚಿಕ್ಕದು. ತಂತಿ ಸಂಪರ್ಕದ ಐಪಿವಿ4 ಪುಟದಲ್ಲಿ ಇತರ ಗಣಕಗಳೊಂದಿಗೆ ಹಂಚಿಕೊಂಡದ್ದು ಎಂಬರ್ಥದ ಆಯ್ಕೆ ಇರುತ್ತದೆ; ಅದೊಂದೇ ಸಾಕು. ಇಲ್ಲಿ ಗುರುತು ಬೀಳುವುದು ತಂತಿಯ ಕಡೆ ಎಂಬುದನ್ನು ಗಮನಿಸಬೇಕು. ವಿಳಾಸವೂ 192.168 ಬದಲು 10.42 ಎಂದು ಆರಂಭವಾಗುತ್ತದೆ.

ನಡೆಯದಿದ್ದಾಗ

ಡೆಸ್ಕ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂಬ ಆದೇಶವನ್ನು ಆಂಗ್ಲ ಅಕ್ಷರಗಳಲ್ಲಿ ಬರೆದರೆ ಆ ಯಂತ್ರದ ವಿಳಾಸ ಕಾಣಿಸುತ್ತದೆ. ಆ ಒಂದು ಸಾಲು ಹೇಳುವಷ್ಟನ್ನು ಇನ್ನಾವುದೂ ಹೇಳದು. ವಿಳಾಸ 192.168.137 ಎಂದು ಆರಂಭವಾಗಿದ್ದರೆ ತಂತಿಯೂ ಹಂಚಿಕೆಯೂ ಸರಿಯಾಗಿವೆ. ತೊಂದರೆ ಲ್ಯಾಪ್‌ಟಾಪಿನಿಂದ ಆಚೆಗೆ ಇರುವ ಸಂಭವ ಹೆಚ್ಚು. ವಿಳಾಸ 169.254 ಎಂದು ಆರಂಭವಾಗಿದ್ದರೆ ಡೆಸ್ಕ್‌ಟಾಪು ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಗುಮಾಸ್ತರ ಕುರ್ಚಿ ಖಾಲಿಯಾಗಿದೆ. ಬೇರೆ ಯಾವುದೋ ಅಂಕಿ ಇದ್ದರೆ ಹಳೆಯ ಸ್ಥಿರ ವಿಳಾಸ ಇನ್ನೂ ಉಳಿದಿದೆ. ಮಾಧ್ಯಮ ಸಂಪರ್ಕವಿಲ್ಲ ಎಂಬ ಸೂಚನೆ ಬಂದರೆ ಕೇಬಲ್ ಸಡಿಲವಾಗಿದೆ ಅಥವಾ ಒಳಗೆ ತುಂಡಾಗಿದೆ. ಕಿಂಡಿಯ ಪಕ್ಕದ ಸಣ್ಣ ದೀಪ ಉರಿಯುತ್ತಿಲ್ಲವಾದರೆ ಅದು ಖಚಿತ.

ನಿನ್ನೆ ನಡೆದದ್ದು ಇಂದು ನಡೆಯದಿರುವುದು ವಿಂಡೋಸ್ 10ರಿಂದ ಈಚೆಗೆ ಕಂಡುಬಂದಿರುವ ಕಾಟ. ಕೆಲವು ನಿಮಿಷ ತಂತಿಯಲ್ಲಿ ಯಾವ ಸಂಚಾರವೂ ಇಲ್ಲದಿದ್ದರೆ ಹಂಚಿಕೆಯ ಸೇವೆ ತಾನಾಗಿ ನಿಲ್ಲುತ್ತದೆ, ಗಣಕವನ್ನು ಮರಳಿ ಚಾಲೂ ಮಾಡಿದಾಗ ಎಚ್ಚೆತ್ತುಕೊಳ್ಳುವುದಿಲ್ಲ. ಶೇರಿಂಗ್ ಪುಟದ ಗುರುತು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಗುರುತನ್ನು ತೆಗೆದು ಓಕೆ ಒತ್ತಿ, ಮತ್ತೆ ಹಾಕಿ ಓಕೆ ಒತ್ತಿದರೆ ಸೇವೆ ಏಳುತ್ತದೆ. ಶಾಶ್ವತ ಪರಿಹಾರಕ್ಕೆ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದು ಬದಲಾವಣೆ ಬೇಕಾಗುತ್ತದೆ. ಅದನ್ನು ಬಲ್ಲವರಿಂದಲೇ ಮಾಡಿಸುವುದು ಲೇಸು.

ಇನ್ನೊಂದು ಅಪರೂಪದ ತೊಡಕಿದೆ. ಸಹೋದ್ಯೋಗಿಯ ಲ್ಯಾಪ್‌ಟಾಪಿನ ಹಾಟ್‌ಸ್ಪಾಟಿನಿಂದ ಅಂತರಜಾಲ ಪಡೆದು ಅದನ್ನೇ ಮುಂದಕ್ಕೆ ಹಂಚಲು ಹೋದರೆ ವಿಂಡೋಸ್ ತಕರಾರು ಮಾಡುತ್ತದೆ. ಅಲ್ಲಿಯೂ 192.168.137, ಇಲ್ಲಿಯೂ 192.168.137; ಒಂದೇ ಬೀದಿಯ ಹೆಸರು ಎರಡು ಊರಿಗಿದ್ದರೆ ಟಪಾಲು ಎಲ್ಲಿಗೆ ಹೋಗಬೇಕು? ಹಾಟ್‌ಸ್ಪಾಟು ಫೋನಿನದಾದರೆ ಸಾಮಾನ್ಯವಾಗಿ ಈ ಘರ್ಷಣೆ ಬರುವುದಿಲ್ಲ.

ಬೇರೆ ದಾರಿಗಳು ಇಲ್ಲವೆಂದಲ್ಲ. ಫೋನನ್ನು ಯುಎಸ್‌ಬಿ ತಂತಿಯಿಂದ ಡೆಸ್ಕ್‌ಟಾಪಿಗೆ ಜೋಡಿಸಿ ಟೆದರಿಂಗ್ ಚಾಲೂ ಮಾಡಬಹುದು; ಒಂದು ಸಲದ ಅವಸರಕ್ಕೆ ಅದೇ ಸರಳ. ಆದರೆ ಫೋನು ಅಲ್ಲಿಯೇ ಕಟ್ಟಿಬೀಳುತ್ತದೆ. ಡೆಸ್ಕ್‌ಟಾಪಿಗೆ ಯುಎಸ್‌ಬಿ ವೈ-ಫೈ ಸಾಧನವೊಂದನ್ನು ಕೊಳ್ಳುವುದೂ ಸಾಧ್ಯ. ಹಳೆಯ ಯಂತ್ರದಲ್ಲಿ ಅದನ್ನು ನಡೆಸುವ ತಂತ್ರಾಂಶವನ್ನು ಪಡೆಯಲು ಮೊದಲು ಅಂತರಜಾಲ ಬೇಕಾಗುತ್ತದೆ ಎಂಬುದು ಅದರ ವಿನೋದ. ಲ್ಯಾಪ್‌ಟಾಪಿನ ದಾರಿಗೆ ಇರುವ ವಿಶೇಷ ಅನುಕೂಲವೆಂದರೆ ಚಲನೆ. ಆನೆಮಲೆಯ ತಪ್ಪಲಿನಂಥ ಕಡೆ, ದಪ್ಪ ಗೋಡೆಯ ಹಳೆಯ ಕಟ್ಟಡಗಳಲ್ಲಿ, ಫೋನಿನ ಸಂಕೇತ ಒಂದು ಕಿಟಕಿಯ ಬಳಿ ಮಾತ್ರ ಸಿಗುವುದುಂಟು. ಡೆಸ್ಕ್‌ಟಾಪನ್ನೂ ಮುದ್ರಣಯಂತ್ರವನ್ನೂ ಕಿಟಕಿಗೆ ಒಯ್ಯಲಾಗದು, ಲ್ಯಾಪ್‌ಟಾಪನ್ನು ಒಯ್ಯಬಹುದು. ಲ್ಯಾನ್ ಕೇಬಲ್ 100 ಮೀಟರಿನವರೆಗೆ ಕೆಲಸ ಮಾಡುವುದರಿಂದ ಶಾಲೆಯ ಯಾವ ಕಿಟಕಿಯೂ ದೂರವಲ್ಲ.

ಎಚ್ಚರ ವಹಿಸಬೇಕಾದ ಕಡೆ

ಡೆಸ್ಕ್‌ಟಾಪಿಗೆ ತಾನು ಬಳಸುತ್ತಿರುವುದು ಶಿಕ್ಷಕರ ಫೋನಿನ ದಿನದ 1.5 ಜಿಬಿ ಎಂಬುದು ತಿಳಿಯದು. ತಂತಿ ಕಂಡೊಡನೆ ಅದು ಮಿತಿಯಿಲ್ಲದ ಸಂಪರ್ಕವೆಂದು ಭಾವಿಸಿ, ತಿಂಗಳುಗಳಿಂದ ಬಾಕಿಯಿರುವ ವಿಂಡೋಸ್ ಪರಿಷ್ಕರಣೆಗಳನ್ನು ಇಳಿಸಿಕೊಳ್ಳಲು ತೊಡಗುತ್ತದೆ. ಪಾಠದ ಪುಟ ತೆರೆಯುವ ಮೊದಲೇ ದಿನದ ಪಾಲು ಮುಗಿದಿರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಈಥರ್‌ನೆಟ್ಟಿನ ಸೆಟ್ಟಿಂಗಿನೊಳಗೆ ಮೀಟರ್ಡ್ ಕನೆಕ್ಷನ್ ಎಂಬ ಗುಂಡಿ ಇದೆ. ಡೆಸ್ಕ್‌ಟಾಪಿನಲ್ಲಿ ಅದನ್ನು ಚಾಲೂ ಮಾಡಿದ ಮೇಲೆಯೇ ಕೇಬಲ್ ಬಳಸುವುದು ಒಳ್ಳೆಯದು. ಹಾಗೆಂದು ಪರಿಷ್ಕರಣೆಗಳನ್ನು ಶಾಶ್ವತವಾಗಿ ತಡೆಯಬಾರದು; ಅಗ್ಗದ ಅಥವಾ ಮಿತಿಯಿಲ್ಲದ ಸಂಪರ್ಕ ದೊರೆತ ದಿನ ಅದಕ್ಕೆ ಅವಕಾಶ ಕೊಡಬೇಕು.

ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 7 ಇದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಅಂಥ ಯಂತ್ರದಲ್ಲಿ ಬ್ಯಾಂಕಿನ ಕೆಲಸ, ಇಲಾಖೆಯ ಗುಪ್ತಪದ ಬೇಡುವ ಕೆಲಸ ಮಾಡಕೂಡದು. ಅವು ಲ್ಯಾಪ್‌ಟಾಪಿನಲ್ಲೇ ನಡೆಯಲಿ. ಹಳೆಯ ಯಂತ್ರ ಪುಟಗಳನ್ನು ಇಳಿಸಿಕೊಂಡು ಮುದ್ರಿಸುವುದಕ್ಕಷ್ಟೇ ಇರಲಿ.

ಡೆಸ್ಕ್‌ಟಾಪಿನ ಮುಂದೆ ಕುಳಿತ ವಿದ್ಯಾರ್ಥಿ ಏನನ್ನು ತೆರೆದರೂ ಹೊರಗಿನವರ ದೃಷ್ಟಿಯಲ್ಲಿ ಅದು ಶಿಕ್ಷಕರ ಫೋನ್ ಸಂಖ್ಯೆಯಿಂದ ತೆರೆದದ್ದೇ ಆಗಿರುತ್ತದೆ. ಜಾವಕ ವಹಿ ಇರುವುದು ಒಳಗೆ, ಮೊಹರು ಮಾತ್ರ ಹೊರಗೆ ಕಾಣುತ್ತದೆ. ಶಿಕ್ಷಕರು ಕೊಠಡಿಯಲ್ಲಿ ಇಲ್ಲದಾಗ ಹಂಚಿಕೆಯನ್ನು ಚಾಲೂ ಬಿಡಬಾರದು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಅಂತರಜಾಲ ಇಲ್ಲದ ದಿನವೂ ಈ ಕೇಬಲ್ ವ್ಯರ್ಥವಲ್ಲ. ಎರಡು ಗಣಕಗಳ ನಡುವೆ ಅದು ಸ್ವತಂತ್ರವಾದ ಜಾಲ. ಡೆಸ್ಕ್‌ಟಾಪಿನಲ್ಲಿ ಒಂದು ಕಡತಕೋಶವನ್ನು ಹಂಚಿಕೆಗೆ ತೆರೆದಿಟ್ಟರೆ ಲ್ಯಾಪ್‌ಟಾಪಿನಿಂದ ಪಾಠಗಳನ್ನು ನೇರವಾಗಿ ಅದರೊಳಗೆ ಹಾಕಬಹುದು. ಪೆನ್‌ಡ್ರೈವಿನ ಓಡಾಟ ಅಲ್ಲಿಗೆ ನಿಲ್ಲುತ್ತದೆ. ಮನೆಯಲ್ಲಿ ಒಳ್ಳೆಯ ಸಂಪರ್ಕವಿರುವ ಶಿಕ್ಷಕರು ತಮಿಳುನಾಡು ಪಠ್ಯಪುಸ್ತಕಗಳ ಕನ್ನಡ ಆವೃತ್ತಿಯ ಪಿಡಿಎಫ್ ಕಡತಗಳನ್ನೂ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಅಂತರಜಾಲವಿಲ್ಲದೆ ಓದಲು ಅನುವಾಗಿಸುವ ಕಿವಿಕ್ಸ್ ಕಡತವನ್ನೂ ಒಮ್ಮೆ ಇಳಿಸಿಕೊಂಡು ಬಂದು ಡೆಸ್ಕ್‌ಟಾಪಿಗೆ ವರ್ಗಾಯಿಸಿದರೆ, ಮಕ್ಕಳು ವರ್ಷವಿಡೀ ಒಂದು ಎಂಬಿಯನ್ನೂ ವ್ಯಯಿಸದೆ ಓದಬಹುದು. ಎರಡು ಮೂರು ಡೆಸ್ಕ್‌ಟಾಪುಗಳಿದ್ದರೆ ನಡುವೆ ಐದು ಕಿಂಡಿಗಳ ಒಂದು ಸ್ವಿಚ್ ಇಟ್ಟರಾಯಿತು, ಕ್ರಮದಲ್ಲಿ ವ್ಯತ್ಯಾಸವಿಲ್ಲ.

ಹೈಟೆಕ್ ಪ್ರಯೋಗಾಲಯವಿರುವ ಶಾಲೆಯ ಶಿಕ್ಷಕರು ಒಂದು ಅಪಾಯವನ್ನು ಅರಿತಿರಬೇಕು. ಹಂಚಿಕೆಯ ಗುರುತು ಇರುವ ಲ್ಯಾಪ್‌ಟಾಪನ್ನು ಪ್ರಯೋಗಾಲಯದ ಸ್ವಿಚ್ಚಿಗೆ ಸಿಕ್ಕಿಸಿದರೆ ಅದು ಅಲ್ಲಿಯೂ ಗುಮಾಸ್ತಿಕೆ ಆರಂಭಿಸಬಹುದು: ತಾನಾಗಿ ವಿಳಾಸ ಪಡೆಯುವ ಯಂತ್ರಗಳಿಗೆಲ್ಲ 192.168.137 ವಿಳಾಸ ಹಂಚಿ, ಅವು ತಮ್ಮ ಸರ್ವರನ್ನು ಕಾಣದಂತೆ ಮಾಡಬಹುದು. ಆಗ ಇಡೀ ಪ್ರಯೋಗಾಲಯ ಏಕೆ ನಿಂತಿತೆಂದು ಹುಡುಕುವವರಿಗೆ ಮೂಲೆಯಲ್ಲಿರುವ ಒಂದು ಲ್ಯಾಪ್‌ಟಾಪಿನ ಮೇಲೆ ಅನುಮಾನ ಬರುವುದು ಕಷ್ಟ. ಲ್ಯಾಪ್‌ಟಾಪನ್ನು ಬೇರೆ ಯಾವುದೇ ತಂತಿ ಜಾಲಕ್ಕೆ ಜೋಡಿಸುವ ಮುನ್ನ ವೈ-ಫೈ ಚಿಹ್ನೆಯ ಶೇರಿಂಗ್ ಪುಟ ತೆರೆದು ಗುರುತನ್ನು ತೆಗೆಯಬೇಕು. ಹಳೆಯ ಡೆಸ್ಕ್‌ಟಾಪಿನ ಬಳಿಗೆ ಮರಳಿದಾಗ ಮತ್ತೆ ಹಾಕಿಕೊಂಡರೆ ಆಯಿತು.